ಎರಡು ಮಗ್ಗುಲಿನ ರೀಲು

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದ ದೇವರು, ಇಂಥ ಮಾತು ಯಾರಾದರೂ ತೆಗೆದರೆ ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಬಣ್ಣ ಬದಲಾಯಿತು ಅಂದರೆ ಏನೋ ಬೆರೆತಿದೆ, ಬದಲಾಗಲಿಲ್ಲ ಅಂದರೆ ಬೆರೆತಿಲ್ಲ. ನನ್ನ ಜಗತ್ತು ಅಷ್ಟು ಸರಳ. ಈಗಲೂ ಹೆಚ್ಚುಕಡಿಮೆ ಹಾಗೇ ಇದ್ದೇನೆ. ಆದರೆ ಒಂದು ಶನಿವಾರ ಮಧ್ಯಾಹ್ನ ನಡೆದದ್ದು ಮಾತ್ರ ಇವತ್ತಿಗೂ ನನ್ನ ಬುದ್ಧಿಗೆ ಸಿಕ್ಕಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನಲ್ಲಿ ನಾವು ಏಳೆಂಟು ಜನ ಸೇರಿಕೊಂಡು ಸಿನಿಮಾ ಮಾಡುತ್ತಿದ್ದೆವು. ಸಿನಿಮಾ ಅಂದರೆ ಹೀರೋ, ಹಾಡು, ಫೈಟು ಅಲ್ಲ. ಅದರಲ್ಲಿ ಕಥೆಯೂ ಇರುತ್ತಿರಲಿಲ್ಲ, ಮಾತೂ ಇರುತ್ತಿರಲಿಲ್ಲ. ಒಬ್ಬರು ಸೋರುವ ನಲ್ಲಿಯನ್ನು ತೆಗೆದರೆ ಇನ್ನೊಬ್ಬರು ಫಿಲ್ಮಿನ ಮೇಲೆ ಸೂಜಿಯಿಂದ ಗೀಚಿ ಪರದೆಯ ಮೇಲೆ ಮಿಂಚು ಹುಟ್ಟಿಸುತ್ತಿದ್ದರು. ಮಾಡುವವರೂ ನಾವೇ, ನೋಡುವವರೂ ನಾವೇ. ವಿಭೂತಿ, ರುದ್ರಾಕ್ಷಿ ಮಾರುವ ಮನೆತನದ ಮಹದೇವಪ್ಪನವರು ತಮ್ಮ ಅಂಗಡಿಯ ಮೇಲಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಸಂಜೆಯಾದರೆ ಕರೆಂಟು ಕೈಕೊಡುತ್ತಿದ್ದುದರಿಂದ ಹಗಲಲ್ಲೇ ಕಿಟಕಿಗಳಿಗೆ ಕಂಬಳಿ ಕಟ್ಟಿ ಸಿನಿಮಾ ಹಾಕುತ್ತಿದ್ದೆವು. ಹಾಡುಹಗಲೇ ಬಾಗಿಲು ಮುಚ್ಚಿಕೊಂಡು ಇವರು ನೋಡುವುದು ಅದೆಂಥ ಸಿನಿಮಾವೋ ಎಂದು ಬೀದಿಯವರಿಗೆ ಅನುಮಾನ ಬಂದು ಒಮ್ಮೆ ಪೊಲೀಸರನ್ನೂ ಕಳಿಸಿದ್ದರು. ಬಂದ ಪೇದೆ ಎರಡು ನಿಮಿಷ ನಲ್ಲಿ ಸೋರುವುದನ್ನೇ ನೋಡಿ, "ಇದ ನೋಡಕ್ಕೆ ಬಾಗ್ಲು ಯಾಕ್ರೀ ಮುಚ್ಕೋಬೇಕು?" ಎಂದು ಬೇಸರದಿಂದ ಇಳಿದು ಹೋದ.

ನಮ್ಮಲ್ಲಿದ್ದದ್ದು ಒಂದೇ ಕ್ಯಾಮೆರಾ, ಕೀಲಿ ಕೊಟ್ಟರೆ ಓಡುವ ಹಳೇ ಕಾಲದ್ದು. ಅದು ಕೆಂಪಯ್ಯನದು. ಕೆಂಪಯ್ಯ ಮಂಡಕಳ್ಳಿಯ ಒಕ್ಕಲು ಮನೆಯವನು, ಹೂಟಗಳ್ಳಿಯ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ನನಗಿಂತ ಚಿಕ್ಕವನಾದ್ದರಿಂದ ಅಕ್ಕ ಎನ್ನುತ್ತಿದ್ದ. ಆ ಕ್ಯಾಮೆರಾದ ರೀತಿಯೇ ಬೇರೆ. ಅದರಲ್ಲಿ ಫಿಲ್ಮು ಒಮ್ಮೆ ಓಡಿದರೆ ಅರ್ಧ ಅಗಲಕ್ಕೆ ಮಾತ್ರ ಚಿತ್ರ ಬೀಳುತ್ತದೆ. ಆಮೇಲೆ ರೋಲನ್ನು ಮಗುಚಿ ಹಾಕಿ ಇನ್ನೊಮ್ಮೆ ಓಡಿಸಿದರೆ ಉಳಿದರ್ಧಕ್ಕೆ ಬೀಳುತ್ತದೆ. ತೊಳೆದಾದ ಮೇಲೆ ಉದ್ದಕ್ಕೆ ನಡುವೆ ಸೀಳಿ ಎರಡನ್ನೂ ಜೋಡಿಸಬೇಕು. ಒಂದು ಮಗ್ಗುಲಿಗೆ ಎರಡು ನಿಮಿಷದ ಚಿತ್ರ. ಮುಚ್ಚಿಹೋದ ಯಾವುದೋ ಸ್ಟುಡಿಯೋದಿಂದ ತಂದ ಹಳೆಯ ರೋಲುಗಳು ಬೆರಳೆಣಿಕೆಯಷ್ಟಿದ್ದವು. ಅದಕ್ಕೇ ಒಬ್ಬರಿಗೆ ಒಂದೇ ಮಗ್ಗುಲು ಎಂದು ನಿಯಮ ಮಾಡಿಕೊಂಡಿದ್ದೆವು. ಮೊದಲಿನವರು ತಮ್ಮದು ಮುಗಿಸಿ ರೋಲಿನ ಸಮೇತ ಕ್ಯಾಮೆರಾ ಕೊಡುತ್ತಿದ್ದರು, ಪಡೆದವರು ಮಗುಚಿ ಹಾಕಿ ತಮ್ಮದನ್ನು ತೆಗೆಯುತ್ತಿದ್ದರು. ಕ್ಯಾಮೆರಾದಲ್ಲಿ ಓಡಿದ ಫಿಲ್ಮನ್ನೇ ತೊಳೆದು ಪರದೆಗೆ ಹಾಕುವುದು, ಅದಕ್ಕೆ ನಕಲು ಎಂಬುದಿಲ್ಲ. ತೊಳೆಯುವ ಕೆಲಸ ನನ್ನದು. ಮೂರು ವರ್ಷ ನಾನು ಇವರೆಲ್ಲರ ಸಿನಿಮಾಗಳನ್ನು ಬಕೆಟ್ಟಿನಲ್ಲಿ ತೊಳೆದೆನೇ ಹೊರತು ನನ್ನದು ಎಂದು ಒಂದನ್ನೂ ತೆಗೆದಿರಲಿಲ್ಲ. ಆ ವರ್ಷ ಅವರೆಕಾಯಿ ಕಾಲದಲ್ಲಿ ನನ್ನ ಸರದಿ ಬಂತು. ನನಗಿಂತ ಮುಂಚಿನ ಮಗ್ಗುಲು ಕೆಂಪಯ್ಯನದು.

ಕೆಂಪಯ್ಯನ ತಾಯಿ ಪುಟ್ಟಮಾದಮ್ಮನವರು ಒಂದು ಫೋಟೋವನ್ನೂ ತೆಗೆಸಿಕೊಂಡವರಲ್ಲ. ಗಂಡ ಜಾತ್ರೆಯಲ್ಲಿ ಫೋಟೋ ತೆಗೆಸಿಕೊಂಡು ಬಂದ ತಿಂಗಳಲ್ಲೇ ತೀರಿಕೊಂಡರಂತೆ, ಅಂದಿನಿಂದ ಕ್ಯಾಮೆರಾ ಕಂಡರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಕೆಂಪಯ್ಯ ವರ್ಷಗಟ್ಟಲೆ ಗೋಗರೆದ ಮೇಲೆ ಆ ಸಲ ಹೇಗೋ ಮನಸ್ಸು ಮಾಡಿದರು. "ಒಂದೇ ಸಲ. ನಾನ್ ಕಾಯಿ ಬುಡುಸ್ತಾ ಇರ್ತೀನಿ, ಎಂಗ್ ಬೇಕೋ ಅಂಗೆ ತಗೊ" ಎಂದರಂತೆ. ಮತ್ತೆ ಒಪ್ಪುವುದಿಲ್ಲ ಎಂದು ಹೆದರಿ ಅವನು ಎರಡು ಮಗ್ಗುಲಿಗೂ ತಾಯಿಯನ್ನೇ ತೆಗೆದುಬಿಟ್ಟ. ಕ್ಯಾಮೆರಾವನ್ನು ಮಹದೇವಪ್ಪನವರ ಅಂಗಡಿಯಲ್ಲಿಟ್ಟು, "ಎರಡೂ ಕಡೆ ತಗ್ದಾಯ್ತು, ಅಕ್ಕನಿಗೆ ಹೇಳ್ಬುಡಿ, ಬೇರೆ ರೋಲು ಹಾಕ್ಕೊಳ್ಳಲಿ" ಎಂದು ಹೇಳಿ ಶಿಫ್ಟಿಗೆ ಹೋದ. ಮಹದೇವಪ್ಪನವರು ಗಿರಾಕಿಗಳ ಗಡಿಬಿಡಿಯಲ್ಲಿ ಅದನ್ನು ಮರೆತರು. ನಾನು ಹೋಗಿ ಕ್ಯಾಮೆರಾ ತಂದೆ, ವಾಡಿಕೆಯಂತೆ ರೋಲು ಮಗುಚಿ ಹಾಕಿದೆ.

ನಮ್ಮ ಮನೆ ರಾಮಕೃಷ್ಣನಗರದಲ್ಲಿ. ಎದುರಿಗೆ ಅರ್ಧ ಕಟ್ಟಿ ನಿಲ್ಲಿಸಿದ ಮನೆಯೊಂದಿತ್ತು. ಅದರ ಕಂಬಿಯಿಲ್ಲದ ಮೆಟ್ಟಿಲನ್ನು ಹತ್ತಲು ಒಂದು ಕುಂಟು ನಾಯಿ ಹೆಣಗುತ್ತಿತ್ತು. ಮೇಲೆ ಅದರ ಮರಿಗಳಿದ್ದವು. ಎರಡು ಮೆಟ್ಟಿಲು ಹತ್ತುವುದು, ಒಂದು ಜಾರುವುದು. ನಾನು ರೆಪ್ಪೆ ಮಿಟುಕಿಸದೆ ಅದನ್ನೇ ತೆಗೆದೆ. ಅರ್ಧ ದಾರಿಗೆ ಬಂದಿದೆ ಅನ್ನುವಾಗ ಫಿಲ್ಮು ಮುಗಿದು ಕ್ಯಾಮೆರಾ ಖಾಲಿ ಸದ್ದು ಮಾಡಿತು. ಈ ಸಿನಿಮಾ ಬಗ್ಗೆ ನಾನು ಯಾರಿಗೂ ಬಾಯಿ ಬಿಡಲಿಲ್ಲ. ಪರದೆಯ ಮೇಲೆ ತೋರಿಸಿ ಎಲ್ಲರ ಬಾಯಿ ಮುಚ್ಚಿಸಬೇಕೆಂಬ ಜಂಬ ನನಗಿತ್ತು.

ಮೂರನೆಯ ದಿನ ಕೆಂಪಯ್ಯ ಲ್ಯಾಬಿನ ಬಾಗಿಲಿಗೆ ಬಂದ. ಕಣ್ಣು ಊದಿಕೊಂಡಿದ್ದವು. ತಾಯಿಗೆ ಹೊಟ್ಟೆಯಲ್ಲಿ ಗಡ್ಡೆಯಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ, ಆಪರೇಷನ್ ಆಗುವವರೆಗೆ ಡಾಕ್ಟರು ಏನೂ ಹೇಳುವುದಿಲ್ಲವಂತೆ. ಕ್ಯಾಮೆರಾ ಹಿಡಿದದ್ದಕ್ಕೇ ಹೀಗಾಯಿತು ಎಂದು ತಂಗಿಯರು ಅವನ ಮುಖ ನೋಡುತ್ತಿರಲಿಲ್ಲ. "ಎರಡು ಮಗ್ಗುಲೂ ಅವ್ವನ್ನೇ ತಗ್ದ್‌ಬುಟ್ಟಿದೀನಿ ಕಣಕ್ಕ. ಏನಾರ ಹೆಚ್ಚುಕಮ್ಮಿ ಆದ್ರೆ ನನಗುಳಿಯೋದು ಅದೊಂದೇ. ಉಷಾರಾಗಿ ತೊಳೀರಿ" ಎಂದ.

ಅವನ ತಾಯಿಯ ಮೇಲೆ ನಾನು ನಾಯಿಯನ್ನು ತೆಗೆದಿದ್ದೆ. ಒಂದರ ಮೇಲೊಂದು ಚಿತ್ರ ಬಿದ್ದರೆ ಎರಡೂ ಕಲಸಿಹೋಗುತ್ತವೆ, ಆಮೇಲೆ ಅದನ್ನು ಬೇರೆ ಮಾಡುವ ರಸಾಯನ ಯಾವುದೂ ಇಲ್ಲ. ಅವತ್ತೇ ಹೇಳಿಬಿಡಬೇಕಿತ್ತು, ಆದರೆ ಅವನ ಮುಖ ನೋಡಿ ಬಾಯಿ ಬರಲಿಲ್ಲ. "ಆಯ್ತಪ್ಪ" ಎಂದೆ. ನನ್ನನ್ನು ಹೇಡಿ ಎಂದು ನೀವು ಬೈದರೆ ತಪ್ಪಿಲ್ಲ.

ಆಪರೇಷನ್ ಆಯಿತು, ಪುಟ್ಟಮಾದಮ್ಮನವರು ಉಳಿದುಕೊಂಡರು. ಆ ಸುದ್ದಿ ಬಂದ ದಿನ ನನಗೆ ಅರ್ಧ ಜೀವ ಬಂತು. ಉಳಿದರ್ಧ ಇನ್ನೂ ಆ ರೋಲಿನ ಡಬ್ಬಿಯೊಳಗೇ ಇತ್ತು. ಕಾಲೇಜು ಬಿಟ್ಟ ಮೇಲೆ ಕತ್ತಲೆ ಕೋಣೆಗೆ ಹೋಗಿ ರೋಲು ತೊಳೆದೆ. ಕೆಂಪಯ್ಯ ಲೇತಿನಲ್ಲಿ ಮಾಡಿಕೊಟ್ಟಿದ್ದ ಅಚ್ಚಿನಲ್ಲಿ ಬ್ಲೇಡು ಕೂರಿಸಿ ಉದ್ದಕ್ಕೆ ಸೀಳಿ, ಭೂತಗನ್ನಡಿ ಹಿಡಿದು ಬೆಳಕಿಗೆ ಒಡ್ಡಿದೆ. ಒಂದೊಂದು ಚೌಕದಲ್ಲೂ ಪುಟ್ಟಮಾದಮ್ಮನವರು ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ. ಸೀರೆಯ ಅಂಚು, ಕೈಬಳೆ, ಮೊರದಲ್ಲಿನ ಕಾಳು, ಎಲ್ಲ ನಿಚ್ಚಳವಾಗಿದೆ. ಎರಡು ಮಗ್ಗುಲನ್ನೂ ಮೊದಲಿನಿಂದ ಕೊನೆಯವರೆಗೆ ಮೂರು ಸಲ ನೋಡಿದೆ. ನಾಯಿಯಿಲ್ಲ, ಮೆಟ್ಟಿಲಿಲ್ಲ, ಒಂದು ನೆರಳೂ ಇಲ್ಲ. ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಸಂತೋಷಕ್ಕೆ ಅಷ್ಟು ಅತ್ತದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಆಮೇಲೆ ನನ್ನ ಲ್ಯಾಬು ಬುದ್ಧಿ ಎದ್ದು ಕೂತಿತು. ಬೇರೆ ರೋಲು ಹಾಕಿದ್ದೆನೇ? ಇದ್ದ ಇನ್ನೊಂದು ರೋಲು ಮಹದೇವಪ್ಪನವರ ಡಬ್ಬಿಯಲ್ಲಿ ಒಡೆಯದೆ ಇತ್ತು. ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲವೇ? ಆ ಕ್ಯಾಮೆರಾಕ್ಕೆ ಮುಚ್ಚಳವೇ ಇರಲಿಲ್ಲ, ಎಂದೋ ಕಳೆದುಹೋಗಿತ್ತು. ಕ್ಯಾಮೆರಾ ಕೆಟ್ಟಿತ್ತೇ? ಮುಂದಿನ ರೋಲು ಅದರಲ್ಲೇ ಚೆನ್ನಾಗಿ ಬಂತು. ನನಗೆ ತೋಚಿದ್ದನ್ನೆಲ್ಲ ನೋಡಿದೆ, ಒಂದೂ ಕೂಡಿಬರಲಿಲ್ಲ.

ಪುಟ್ಟಮಾದಮ್ಮನವರು ಮನೆಗೆ ಬಂದ ಮೇಲೆ ಒಂದು ಶನಿವಾರ ಮಧ್ಯಾಹ್ನ ಪ್ರೊಜೆಕ್ಟರನ್ನು ಆಟೋದಲ್ಲಿಟ್ಟುಕೊಂಡು ಮಂಡಕಳ್ಳಿಗೆ ಹೋದೆ. ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಹೊಡೆದು ಸಿನಿಮಾ ಹಾಕಿದೆವು. ಮುನಿಸಿಕೊಂಡಿದ್ದ ತಂಗಿಯರೂ ಬಂದು ಕೂತರು. ನಾಲ್ಕು ನಿಮಿಷ ಬರೀ ಅವರೆಕಾಯಿ. ಕೆಂಪಯ್ಯ ಕಣ್ಣೊರೆಸಿಕೊಳ್ಳುತ್ತಿದ್ದ. ಪುಟ್ಟಮಾದಮ್ಮನವರು ದಿಂಬಿಗೊರಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಮುಗಿದ ಮೇಲೆ ಅವರು ಮಗನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಕಾಯಿ ಬುಡ್ಸೋದ ನಾನೇ ದಿನಾ ಮಾಡ್ತೀನಿ, ಅದ್ರಲ್ಲೇನದೆ ನೋಡಕ್ಕೆ. ನೀನ್ ತಗ್ದಿದ್ದೇ ಚೆಂದಾಗಿತ್ತು ಕಣವ್ವ. ಆ ಕುಂಟು ನಾಯಿ ಪಾಪ, ಮರಿಗೋಳ್ ತಾವಿಕ್ಕೆ ಹತ್ತುತಾ?"

"ಯಾವ ನಾಯಿ ಅವ್ವಾ?" ಎಂದ ಕೆಂಪಯ್ಯ.

"ಈಗ ಬಂತಲ್ಲೋ, ಮೆಟ್ಲು ಮ್ಯಾಲೆ."

ತಂಗಿಯರು ಮುಖ ಮುಖ ನೋಡಿಕೊಂಡು, ಮಾತ್ರೆಯ ಮಂಪರು ಇರಬೇಕು ಎಂದರು. "ಹತ್ತಿತು ಅಮ್ಮ" ಎಂದೆ. ನಿಜವಾಗಿ ಹತ್ತಿತ್ತು. ಕ್ಯಾಮೆರಾ ನಿಂತ ಮೇಲೂ ನಾನು ಅದು ಮರಿಗಳ ಹತ್ತಿರ ಹೋಗಿ ಮಲಗುವವರೆಗೆ ನೋಡುತ್ತಾ ನಿಂತಿದ್ದೆ. "ಅಂಗಾರೆ ಸರಿ ಬುಡು" ಎಂದು ಅವರು ಸಮಾಧಾನದಿಂದ ಕಣ್ಣು ಮುಚ್ಚಿಕೊಂಡರು.

ಜಗಲಿಗೆ ಬಂದು ಕೆಂಪಯ್ಯನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ರೋಲು ಮಗುಚಿ ಹಾಕಿದ್ದು, ಮುಚ್ಚಿಟ್ಟಿದ್ದು, ಯಾವುದನ್ನೂ ಬಿಡಲಿಲ್ಲ. ಅವನು ರೀಲನ್ನು ತಂದು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಬೈಯುತ್ತಾನೆ ಎಂದುಕೊಂಡೆ. "ಅವ್ವನೂ ಉಳ್ಕಂಡ್ಲು, ಇದೂ ಉಳ್ಕಂತು. ಇನ್ನೇನು ಬುಡಕ್ಕ" ಎಂದು ಒಳಗೆ ಹೋಗಿ ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟ. ವಾರಗಟ್ಟಲೆ ಎದೆಯ ಮೇಲಿದ್ದ ಭಾರ ಇಳಿಯಿತು. ಅವತ್ತಿನಷ್ಟು ರುಚಿಯಾದ ಮಜ್ಜಿಗೆಯನ್ನು ನಾನು ಕುಡಿದಿಲ್ಲ.

ಪುಟ್ಟಮಾದಮ್ಮನವರು ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಟ್ಟಿಯಾಗಿ ಬದುಕಿದರು. ಆ ನಾಯಿಯ ವಿಷಯವನ್ನು ಮತ್ತೆ ಎತ್ತಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ರೀಲು ಈಗಲೂ ಕೆಂಪಯ್ಯನ ಬೀರುವಿನಲ್ಲಿದೆ. ಹೋದಾಗಲೆಲ್ಲ ಹಾಕಿಸಿಕೊಂಡು ನೋಡುತ್ತೇನೆ, ನನಗೆ ಅವರೆಕಾಯಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮುಂದೆ ನಾನು ಒಂದೆರಡು ಸಿನಿಮಾ ತೆಗೆದೆ. ಗೆಳೆಯರು ನೋಡಿದರು, ಪರವಾಗಿಲ್ಲ ಎಂದರು. ಆದರೆ ನನ್ನ ಮೊದಲ ಸಿನಿಮಾವನ್ನು ನೋಡಿದವರು ಈ ಲೋಕದಲ್ಲಿ ಒಬ್ಬರೇ, ಅವರಿಗೆ ಅದು ಹಿಡಿಸಿತ್ತು.