ಅಪ್ಪ ಕನ್ನಡಕ ಹಾಕಿದ ದಿನ

ನಾನು ಚಿಕ್ಕವನಿದ್ದಾಗ ದಂಡಿಗನಹಳ್ಳಿ ಕಡೆಯ ನಮ್ಮೂರಲ್ಲಿ ಕನ್ನಡಕ ಹಾಕಿದವರು ಒಬ್ಬರೂ ಇರಲಿಲ್ಲ. ಅದನ್ನು ಮೊದಲು ಹಾಕಿದವನು ನಮ್ಮಪ್ಪ. ಅಪ್ಪ ಊರಿಗೆಲ್ಲ ಕ್ಷೌರ ಮಾಡುತ್ತಿದ್ದ. ಕೈಗೆ ಕಾಸು ಯಾರೂ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ರಾಗಿ ಅಳೆದು ಹಾಕುತ್ತಿದ್ದರು. ಅದಕ್ಕೆ ಆಯ ಅನ್ನುತ್ತಿದ್ದರು. ಅವ್ವ ತೀರಿಕೊಂಡಿದ್ದಳು. ಅಪ್ಪ, ಅಕ್ಕ, ನಾನು ವರ್ಷವೆಲ್ಲ ಉಣ್ಣುತ್ತಿದ್ದದ್ದು ಆ ರಾಗಿಯ ಮುದ್ದೆಯನ್ನೇ.

ಅಪ್ಪನಿಗೆ ಹತ್ತಿರದ್ದೆಲ್ಲ ಮಂಜಾಗತೊಡಗಿತು. ಗಡ್ಡ ಯಾವುದು, ಚರ್ಮ ಯಾವುದು ಎಂದು ಕಾಣದವನ ಮುಂದೆ ಕತ್ತು ಚಾಚುವವರು ಯಾರು? ಊರಿಗೆ ಗೊತ್ತಾಗುವ ಮೊದಲೇ ಅಕ್ಕ ತಾನು ಸಾಕಿದ ಮೇಕೆ ಮಾರಿ ಅಪ್ಪನನ್ನು ಹಾಸನಕ್ಕೆ ಕಳಿಸಿದಳು. ಚನ್ನರಾಯಪಟ್ಟಣದವರೆಗೆ ನಡೆದು, ಅಲ್ಲಿಂದ ಇದ್ದಿಲ ಹೊಗೆ ಕಾರುವ ಬಸ್ಸು ಹತ್ತಿ ಹೋದವನು, ವಾಪಸ್ ಬರುವಾಗ ದುಂಡನೆಯ ಕನ್ನಡಕ ಏರಿಸಿಕೊಂಡೇ ಊರೊಳಗೆ ಬಂದ.

ಕೆಲಸ ಮಾಡುವಾಗಷ್ಟೇ ಹಾಕಿಕೋ, ಹಾಕಿಕೊಂಡು ನಡೆಯಬೇಡ, ಎರಡು ಕೈಯಲ್ಲಿ ತೆಗೆ, ಒರಟು ಬಟ್ಟೆಯಲ್ಲಿ ತಿಕ್ಕಬೇಡ ಎಂದು ಕನ್ನಡಕ ಕೊಟ್ಟವನು ಹೇಳಿ ಕಳಿಸಿದ್ದನಂತೆ. ಹೊಸ ಹುರುಪಿನಲ್ಲಿ ಅಪ್ಪನಿಗೆ ಒಂದೂ ನೆನಪಿರಲಿಲ್ಲ. ನೆಲ ಮೇಲೆದ್ದು ಬಂದಂತೆ ಕಂಡು, ಸಪಾಟು ಬೀದಿಯಲ್ಲಿ ಕಾಲೆತ್ತೆತ್ತಿ ಇಡುತ್ತಿದ್ದ. ಅರಳಿಕಟ್ಟೆಯಲ್ಲಿ ಕೂತವರಿಗೆ ಅಷ್ಟೇ ಸಾಕಾಯಿತು.

"ಅಲ್ಪುಂಗೆ ಐಸಿರಿ ಬಂದ್ರೆ ಅರ್ಧರಾತ್ರೀಲಿ ಕೊಡೆ ಇಡ್ದ್ನಂತೆ ಕಣ್ಲಾ!" ಎಂದು ಒಬ್ಬ ಕೂಗಿದ. ಹುಡುಗರು ಅಪ್ಪನ ಹಿಂದೆ ಸಾಲಾಗಿ ಕಾಲೆತ್ತಿ ನಡೆದರು.

ಮನೆಗೆ ಬಂದ ಅಪ್ಪ ಅಕ್ಕನ ಮುಖವನ್ನು ಹತ್ತಿರದಿಂದ ನೋಡಿದ. "ಇಷ್ಟೊಂದು ಸೊರಗೋಗಿದ್ದೀಯಲ್ಲವ್ವಾ, ನಂಗೆ ಕಂಡೇ ಇರ್ನಿಲ್ವಲ್ಲ" ಎಂದ.

ಮಾರನೆಯ ಬೆಳಿಗ್ಗೆ ಪಟೇಲರ ಕ್ಷೌರ. ನೀರಿನ ಚೊಂಬು ಹಿಡಿದು ನಾನೂ ಹೋದೆ. ಅವರ ಜಗಲಿ ಮುಂದೆ ನಮ್ಮಂಥವರು ಚಪ್ಪಲಿ ಬಿಡಬೇಕು, ಹೆಗಲ ಟವಲನ್ನು ಸೊಂಟಕ್ಕೆ ಕಟ್ಟಬೇಕು. ಅದು ರೂಢಿ. ಕನ್ನಡಕಕ್ಕೆ ರೂಢಿ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಪಟೇಲರು ನಿಂತ ನಿಲುವಿನಲ್ಲೇ ಒಂದು ರೂಢಿ ಮಾಡಿದರು.

"ನನ್ ಮುಂದೆ ಕನ್ನಡಕ ಆಕ್ಕಂಡು ನಿಂತ್ಕತೀಯೇನ್ಲಾ? ತೆಗೀಲಾ."

"ಅದಿಲ್ದಿದ್ರೆ ಕಾಣಾಕಿಲ್ಲ ಸ್ವಾಮಿ, ಕತ್ತಿ ಕೆಲ್ಸ..." ಎಂದ ಅಪ್ಪ.

"ನಿಮ್ಮಪ್ಪ ಆಕ್ಕಂಡಿದ್ನಾ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಪಟೇಲರು ಕೈಚಾಚಿ ಕನ್ನಡಕ ಕಿತ್ತು, ಇನ್ನಷ್ಟು ನಗಿಸೋಣವೆಂದು ತಮ್ಮ ಮೂಗಿಗೇ ಏರಿಸಿಕೊಂಡು, ಪಕ್ಕದಲ್ಲಿದ್ದ ಪೇಪರು ಎತ್ತಿಕೊಂಡರು. ದಿನಾ ಅದನ್ನು ತೋಳುದ್ದ ದೂರ ಹಿಡಿದು ಒದ್ದಾಡುತ್ತಿದ್ದವರು ಅವರು. ಅಕ್ಷರ ನಿಚ್ಚಳವಾಗಿ ಕಂಡಿರಬೇಕು, ಅವರ ನಗು ನಿಂತಿತು. ಒಂದು ಪುಟ ಓದಿದರು, ಮಗುಚಿ ಇನ್ನೊಂದನ್ನೂ ಓದಿದರು. ಆಮೇಲೆ "ಊಂ, ನೀನ್ ಮಾಡ್ಲಾ" ಎಂದು ಗಲ್ಲ ಚಾಚಿದರು. ಕನ್ನಡಕ ಮಾತ್ರ ತೆಗೆಯಲಿಲ್ಲ.

ಅಪ್ಪ ಅಂದಾಜಿನ ಮೇಲೆ ಕತ್ತಿ ಆಡಿಸಿದ. ಕಿವಿಯ ಕೆಳಗೆ ಸೋಪಿನ ನೊರೆ ಕೆಂಪಾಯಿತು. ಪಟೇಲರು ಒದ್ದ ಏಟಿಗೆ ಅಪ್ಪ ಚೊಂಬಿನ ಮೇಲೆ ಬಿದ್ದ.

"ಕುರುಡು ಮುಂಡೇದೆ, ಇನ್ ಈ ಊರ್ನಲ್ಲಿ ಕತ್ತಿ ಇಡೀಬ್ಯಾಡ!"

ಕುರುಡ ಎಂದವರು ಅಪ್ಪನ ಕನ್ನಡಕದೊಳಗಿನಿಂದಲೇ ಅಪ್ಪನನ್ನು ದುರುಗುಟ್ಟಿ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಬಡವನ ಕೋಪ ದವಡೆಗೆ ಮೂಲ. ಅಪ್ಪ ಕತ್ತಿ ಒರೆಸಿಕೊಂಡು, ನನ್ನ ಕೈಹಿಡಿದು ಮೆಟ್ಟಿಲು ಇಳಿದ.

ಆ ಸುಗ್ಗಿಯಲ್ಲಿ ಆಯದ ರಾಗಿ ಪಕ್ಕದೂರಿನ ಕ್ಷೌರಿಕನ ಪಾಲಾಯಿತು. ಅಕ್ಕ ಕೂಲಿಗೆ ಹೋದಳು, ಅದೂ ಪಟೇಲರ ಹೊಲಕ್ಕೇ. ಪಟೇಲರ ಮುಖಕ್ಕೆ ಕನ್ನಡಕ ಏನು ಒಪ್ಪುತ್ತದೆ ಎಂದು ಅರಳಿಕಟ್ಟೆಯವರು ಹೊಗಳಿಕೊಂಡು ತಿರುಗಿದರು.

ಮೊಮ್ಮಕ್ಕಳೇ, ನಿಮ್ಮ ಕನ್ನಡಕಗಳು ಸೋಫಾ ಸಂದಿಯಲ್ಲಿ, ಬಚ್ಚಲಮನೆಯಲ್ಲಿ ಬಿದ್ದಿರುತ್ತವೆ. ಮುರಿದರೆ ಇನ್ನೊಂದು ಬರುತ್ತದೆ. ಬಣ್ಣ ಸರಿಯಿಲ್ಲ ಎಂದು ಅಳುತ್ತೀರಿ, ಅಳಿ, ನನಗೇನೂ ಬೇಸರವಿಲ್ಲ. ಮೊನ್ನೆ ಇದನ್ನೆಲ್ಲ ಕೇಳಿದ ಮೇಲೆ ನಿಮ್ಮಲ್ಲಿ ಚಿಕ್ಕವಳು, "ತಾತಾ, ನಮ್ದು ವಾಪಸ್ ಕೊಡಿ ಅಂತ ಯಾಕೆ ಕೇಳಲಿಲ್ಲ?" ಅಂದಳು. ಅಂದು ಆ ಜಗಲಿಯಲ್ಲಿ ಅಷ್ಟೊಂದು ಜನ ಇದ್ದೆವು, ಮಗು. ಹಾಗೆ ಕೇಳಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ, ಅಪ್ಪನಿಗೂ.