ಶಹಾಬಾದಿನಲ್ಲಿ ಹಡಗು ಮುಳುಗಿದ ಸಂಗತಿ

ನಮ್ಮ ಪಡಸಾಲೆಯ ಬಾಗಿಲ ಬಳಿ ಹಾಸಿದ ಫರಸಿಗಳಲ್ಲಿ ಒಂದರ ಮೈಮೇಲೆ ಅಲೆಗಳಿವೆ. ಫರಸಿ ಎಂದರೆ ಬೇರೇನಲ್ಲ, ನೀವು ಶಹಾಬಾದ್ ಕಲ್ಲು ಎನ್ನುವ, ನಾವು ಅಂಬೆಗಾಲಿಟ್ಟು ಮೊಣಕಾಲು ತರಚಿಕೊಂಡ ಹಾಸುಗಲ್ಲು. ಅಕ್ಕಪಕ್ಕದ ಕಲ್ಲುಗಳೆಲ್ಲ ಯಂತ್ರಕ್ಕೆ ತಲೆಬಾಗಿ ನುಣ್ಣಗಾಗಿ ಬಂದರೂ ಇದೊಂದು ಮಾತ್ರ ಹಟ ಬಿಡದೆ, ಸಂಜೆಗಾಳಿಗೆ ಸುಕ್ಕುಗಟ್ಟಿದ ನೀರು ಹಾಗೆಯೇ ಹೆಪ್ಪುಗಟ್ಟಿದಂತೆ ಬಿದ್ದುಕೊಂಡಿದೆ. ಎಣಿಕೆಗೆ ಸಿಗದ ಕಾಲದಲ್ಲಿ ಇಲ್ಲಿ ಕಡಲಿತ್ತಂತೆ, ಅದರ ತಳದ ಕೆಸರೇ ಈ ಕಲ್ಲಂತೆ. ಹಾಗಾದರೆ ಸೇಡಂನಿಂದ ವಾಡಿಯವರೆಗೆ ನಾವೆಲ್ಲ ಕಡಲ ತಳದಲ್ಲಿ ಕುಳಿತು ಜೋಳದ ರೊಟ್ಟಿ ಮುರಿಯುತ್ತಿರುವವರೆಂದಾಯಿತು. ಮೊದಲು ಈ ಯೋಚನೆಗೆ ನಗುತ್ತಿದ್ದೆ. ಈಗ ಆ ಕಲ್ಲನ್ನು ನಾನು ತುಳಿಯುವುದಿಲ್ಲ, ದಾಟುತ್ತೇನೆ. "ಏನ್ರಿ, ಫರಸಿ ಮ್ಯಾಲ ಹಾವ ಮಲಗ್ಯಾದೇನು?" ಎಂದು ಹೆಂಡತಿ ಕೇಳುತ್ತಾಳೆ. ಅವಳಿಗೇನು ಗೊತ್ತು, ಅಲ್ಲಿ ಮಲಗಿರುವುದು ಅವಳ ತಮ್ಮ ಮುಳುಗಿದ ಕಡಲು.

ಗಾಬರಿಯಾಗಬೇಡಿ ಗೆಳೆಯರೇ, ತಮ್ಮ ಬದುಕಿದ್ದಾನೆ. ಮುಳುಗಿದವನೂ ಅವನೇ, ಎದ್ದವನೂ ಅವನೇ. ದಡದಲ್ಲಿ ಒಣ ಚಪ್ಪಲಿಯಲ್ಲಿ ನಿಂತಿದ್ದ ನನಗೆ ಮಾತ್ರ ಇಂದಿಗೂ ಉಸಿರು ಕಟ್ಟುತ್ತದೆ.

ಎಲ್ಲಕ್ಕೂ ಕಾರಣ ನಾನು ಬರೆದ ನಾಟಕ. ಬಿಳಿಯ ನಾವಿಕರು ಆಸ್ಟ್ರೇಲಿಯಾದ ದಡಕ್ಕೆ ಬಂದ ಕಥೆಯನ್ನು ಕಾಲೇಜಿನ ದಿನಗಳಲ್ಲಿ ಓದಿದ್ದೆ. ಬಂದರು, ಯಾರನ್ನೂ ಕೇಳದೆ ಪೀಪಾಯಿಗಳಿಗೆ ಸಿಹಿನೀರು ತುಂಬಿಕೊಂಡರು, ಬಾವುಟ ನೆಟ್ಟರು. ಯುಗಯುಗಗಳಿಂದ ಅಲ್ಲಿದ್ದವರು ಭರ್ಚಿ ಹಿಡಿದು ಯಾರು ನೀವು ಎಂದರೆ ಬಂದೂಕು ಉತ್ತರ ಕೊಟ್ಟಿತು. ಇದನ್ನು ನಮ್ಮ ಜನಕ್ಕೆ ತೋರಿಸಬೇಕೆಂಬ ಹುಕಿ ಹತ್ತಿತು. ಕಡಲಿಲ್ಲದ ಊರಿನಲ್ಲಿ ಕಡಲೆಲ್ಲಿಂದ ತರುವುದು? ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯೊಂದು ಮಳೆನೀರು ತುಂಬಿ ನಿಂತಿತ್ತು. ಸುತ್ತ ಮೆಟ್ಟಿಲಿನಂತೆ ಕಲ್ಲಿನ ಪದರಗಳು, ನಡುವೆ ಹಸಿರು ನೀರು. ದೇವರೇ ಕಟ್ಟಿಸಿದ ರಂಗಮಂದಿರ.

ಹಡಗೆಂದರೆ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಬಿದಿರು ಬಿಗಿದ ತೆಪ್ಪ. ಹಾಯಿಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸನ್ನು ಬಿಳಿಯ ಮಗ್ಗುಲು ಮುಂದಾಗುವಂತೆ ಕಟ್ಟಿದ್ದೆವು. ನಾವಿಕರ ಉಡುಪು ವಾಡಿಯ ಮದುವೆ ಬ್ಯಾಂಡಿನವರಿಂದ ಬಂದಿತ್ತು: ಕೆಂಪು ದಪ್ಪ ಕೋಟು, ಭುಜದ ಮೇಲೆ ಜರಿಯ ಕುಚ್ಚು. ಕ್ಯಾಪ್ಟನ್ ನನ್ನ ಹೆಂಡತಿಯ ತಮ್ಮ ಬಸವರಾಜ. ಅವನಿಗೆ ಈಜು ಬರುವುದಿಲ್ಲ. ಕೇಳಿದರೆ, "ಮಾವಾ, ಈಜು ಬರ್ತಿದ್ರ ಹಡಗ ಯಾಕ ಬೇಕಿತ್ರಿ?" ಎಂದ. ವಾದದಲ್ಲಿ ಹುಳುಕು ಕಾಣಲಿಲ್ಲ.

ದಡದ ಮೂಲನಿವಾಸಿಗಳಾಗಲು ಪಾಲಿಶ್ ಕಾರ್ಖಾನೆಯ ಭೀಮಶಾ ತನ್ನ ಬಳಗದೊಂದಿಗೆ ಒಪ್ಪಿಕೊಂಡ. ಮುಖಕ್ಕೆ ಮಸಿ ಬಳಿಯೋಣವೆಂದು ಯಾರೋ ಅಂದದ್ದಕ್ಕೆ, "ಅವರೂ ನಮ್ಹಾಂಗ ಮನಷ್ಯಾರ ಹೌದಿಲ್ಲೋ? ದಿನಾ ಹ್ಯಾಂಗ ಇರ್ತೀವಿ ಹಾಂಗೇ ಬರ್ತೀವಿ" ಎಂದು ಮೈಮೇಲಿನ ಕಲ್ಲಿನ ಪುಡಿಯಲ್ಲೇ ನಿಂತ. ತೊಡಕು ಬಂದದ್ದು ತಾಲೀಮಿನಲ್ಲಿ. ಕ್ಯಾಪ್ಟನ್ ದಡಕ್ಕೆ ಕಾಲಿಟ್ಟ ಕೂಡಲೇ ಭೀಮಶಾ ಭರ್ಚಿ ಎತ್ತಬೇಕಿತ್ತು. ಅವನ ಬದಲು ಅವನ ಹೆಂಡತಿ ಶಾಂತಮ್ಮ ತಂಬಿಗೆ ನೀರು, ಒಂದು ಹೆಂಟೆ ಬೆಲ್ಲ ಹಿಡಿದು ಮುಂದೆ ಬಂದಳು.

"ಇದೆಲ್ಲಿ ನೀರವ್ವಾ? ಅವ ನಿಮ್ಮ ನೆಲ ಕಸಗೊಳ್ಳಾಕ ಬಂದಾನ!" ಎಂದೆ.

"ಕಸಗೊಳ್ಲಿ ಬಿಡ್ರಿ ಸರ್, ಮೊದಲ ನೀರ ಕುಡೀಲಿ," ಎಂದ ಭೀಮಶಾ. "ಆಮ್ಯಾಲ ಹೊಡೀತೀನಿ. ದಂಡಿಗಿ ಬಂದವನಿಗಿ ನೀರ ಕೊಡಲಾರದ ಭರ್ಚಿ ತೋರಿಸಿದ್ರ ನಾಳಿಗಿ ಊರಾಗ ಮಂದಿ ಏನಂತಾರ?"

ಚರಿತ್ರೆಯನ್ನು ಹೀಗೆ ತಿದ್ದಲಾಗದೆಂದು ಗಂಟಲು ಹರಿದುಕೊಂಡು ತಿಳಿಸಿದ ಮೇಲೆ ಅವನು ಒಪ್ಪಿದ. ಒಪ್ಪಿದ್ದು ಸ್ವಲ್ಪ ಹೆಚ್ಚೇ ಆಯಿತು. ಬಿದಿರಿನ ತುದಿಗೆ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಕಟ್ಟಿದ ಭರ್ಚಿ ಮರುದಿನವೇ ಬಸವರಾಜನ ಅಂಗಿ ಹರಿದು ಹೊಟ್ಟೆ ಗೀರಿ, ಕ್ಯಾಪ್ಟನ್ ಸಾಹೇಬರಿಗೆ ಧನುರ್ವಾಯುವಿನ ಇಂಜೆಕ್ಷನ್ ಕೊಡಿಸಿತು. ಅಂದಿನಿಂದ ಆ ಬಿದಿರು ಕಂಡರೆ ಅವನು ಎರಡು ಹೆಜ್ಜೆ ಹಿಂದೆ.

ಪ್ರದರ್ಶನದ ಸಂಜೆ ಚಿತ್ತಾಪುರ, ಕಾಳಗಿಗಳಿಂದೆಲ್ಲ ನೆಂಟರು ಬಂದು ಕಲ್ಲಿನ ಪದರಗಳ ಮೇಲೆ ಕುಳಿತಿದ್ದರು. ನಾನು ಮೈಕು ಹಿಡಿದು, ದಿಗಂತದಲ್ಲಿ ಹಡಗು ಕಾಣುತ್ತಿದೆ ಎಂದು ಗಂಭೀರವಾಗಿ ಘೋಷಿಸಿದೆ. ಆ ಹೊತ್ತಿಗೇ ಗಾಳಿ ಬೀಸಿ ಹಾಯಿ ಮಗುಚಿಕೊಂಡಿತು. ಕೈಮುಗಿದು ನಗುವ ಪುಢಾರಿಯೊಬ್ಬ ಹುಟ್ಟುಹಬ್ಬದ ಶುಭಾಶಯಗಳೊಂದಿಗೆ ದಕ್ಷಿಣ ಗೋಳಾರ್ಧವನ್ನು ಪ್ರವೇಶಿಸಿದ. ಜನ ಬಿದ್ದು ಬಿದ್ದು ನಕ್ಕರು. ಏನಾಯಿತೆಂದು ನೋಡಲು ನಾವಿಕರೆಲ್ಲ ಒಂದೇ ಮಗ್ಗುಲಿಗೆ ಓಡಿದರು. ತೆಪ್ಪ ಮಗುಚಿತು. ಉಳಿದವರು ಡ್ರಮ್ಮುಗಳನ್ನು ಅಪ್ಪಿಕೊಂಡರು. ಬಸವರಾಜನೊಬ್ಬ ದೂರ ಬಿದ್ದ, ದಡಕ್ಕೆ ಹತ್ತಿರವೇ, ಆದರೆ ಕಾಲಿಗೆ ತಳ ಸಿಗದಲ್ಲಿ.

ನೀರು ಕುಡಿದ ಕೆಂಪು ಕೋಟು ಅವನನ್ನು ಕೆಳಗೆಳೆಯತೊಡಗಿತು. "ಸತ್ನೆಪೋ!" ಎಂದು ಅವನು ಕೂಗಿದ. ಜನ ಸಿಳ್ಳೆ ಹಾಕಿದರು. "ಇದು ನಾಟಕ ಅಲ್ಲ!" ಎಂದು ನಾನು ಮೈಕಿನಲ್ಲಿ ಚೀರಿದೆ, ಎಂಥ ಸಂಭಾಷಣೆ ಎಂದು ಚಪ್ಪಾಳೆ ಇನ್ನೂ ಜೋರಾಯಿತು. ಈ ಕ್ಷಣವೇ ನನ್ನೊಳಗೆ ಮತ್ತೆ ಮತ್ತೆ ಸುತ್ತುತ್ತಿರುವುದು: ಹಸಿರು ನೀರಿನಲ್ಲಿ ಏಳುವ, ಮುಳುಗುವ ಜರಿಯ ಕುಚ್ಚು, ಮತ್ತು ಅದಕ್ಕೆ ಬೀಳುವ ಚಪ್ಪಾಳೆ.

ಅಷ್ಟರಲ್ಲಿ ಭೀಮಶಾ ದಂಡೆಯ ಮೇಲೆ ಬೋರಲಾಗಿ ಮಲಗಿ ಭರ್ಚಿ ಚಾಚಿದ. "ಹಿಡ್ಕೋ!"

ಬಸವರಾಜ ಅದನ್ನು ತಳ್ಳಿದ. "ಚುಚ್ಚಬ್ಯಾಡೋ! ಇನ್ನ ಆ ಸೀನ್ ಬಂದಿಲ್ಲೋ!"

"ಎಲೇ ಹುಚ್ಚಾ, ಎಳ್ಕೊಳ್ಳಾಕ ಕೊಡಾಕತ್ತೀನಿ, ಹಿಡಿ!"

ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನಂತೆ. ನನ್ನ ಭಾವಮೈದುನ ಮಾತ್ರ ಬಿದಿರನ್ನೇ ಬಿಟ್ಟು ಮುಳುಗಿದ. ಮತ್ತೆ ಅವನ ತಲೆ ಮೇಲೆದ್ದಾಗ ಭೀಮಶಾ ಭರ್ಚಿಯನ್ನು ತಿರುಗಿಸಿದ್ದ. ಹಿಡಿಯ ಕಡೆ ನೀರಿಗೆ, ತಗಡಿನ ತುದಿ ತನ್ನ ಮುಷ್ಟಿಯೊಳಗೆ. ಬಸವರಾಜ ಆ ಬೋಳು ತುದಿಯನ್ನು ನೋಡಿದ, ಆಮೇಲೆ ಭೀಮಶಾನ ಮುಖ ನೋಡಿದ, ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಎಳೆಯುವಾಗ ಭೀಮಶಾನ ಬೆರಳ ಸಂದಿಯಿಂದ ರಕ್ತ ಇಳಿಯಿತು. ಆಗ ಚಪ್ಪಾಳೆ ನಿಂತಿತು.

ಡ್ರಮ್ಮಿನವರನ್ನೂ ಎಳೆದುಕೊಂಡ ಮೇಲೆ, ಶಾಂತಮ್ಮ ತಾಲೀಮಿನಲ್ಲಿ ನಾನು ಕಿತ್ತುಹಾಕಿದ್ದ ತಂಬಿಗೆಯನ್ನು ಹಿಡಿದು ಬಂದಳು. "ನೀರ ಕುಡೀರಿ ಅಣ್ಣಾ."

"ಬ್ಯಾಡ ಯವ್ವಾ," ಎಂದ ಬಸವರಾಜ ಕೆಮ್ಮುತ್ತ, "ಅರ್ಧ ಗಣಿ ಕುಡ್ದೀನಿ. ಬೆಲ್ಲ ಅಷ್ಟೇ ಕೊಡ್ರಿ."

ಭೀಮಶಾ ಅಂಗೈಗೆ ರುಮಾಲು ಸುತ್ತಿಕೊಳ್ಳುತ್ತ, "ಕ್ಯಾಪ್ಟನ್ ಸಾಹೇಬ್ರ, ಈಗರ ಅಪ್ಪಣಿ ಕೇಳ್ರಿ" ಎಂದ.

ಹಲ್ಲು ಕಟಕಟ ಎನ್ನುತ್ತಿದ್ದ ಕ್ಯಾಪ್ಟನ್ ಕೇಳಿದ: "ನಿಮ್ಮ ದಂಡಿಗಿ ಬರ್ಲೇನ್ರಿ?"

"ಬಂದೇ ಬಿಟ್ಟೀರಿ. ಕುಂದ್ರಿ."

ನನ್ನ ನಾಟಕದ ಕೊನೆ ಹೀಗಿರಲಿಲ್ಲ. ನಿಜವಾದ ಆ ದಡಗಳ ಮೇಲೆಯೂ ಹೀಗಾಗಲಿಲ್ಲ, ಅದನ್ನು ಮರೆತು ನಾನು ಬೆಲ್ಲ ಚೀಪಲಾರೆ. ಬಸವರಾಜನ ಬಂದೂಕು ನಲ್ಲಿಯ ಪೈಪಾಗಿತ್ತು, ಅದೂ ನೀರುಪಾಲಾಗಿತ್ತು. ಅದು ನಿಜವಾದದ್ದಾಗಿ ಕೈಯಲ್ಲಿದ್ದಿದ್ದರೆ ಭೀಮಶಾನಿಗೆ ಬಿದಿರು ತಿರುಗಿಸುವಷ್ಟು ವ್ಯವಧಾನ ಸಿಗುತ್ತಿತ್ತೇ? ಅಲ್ಲಿಗೆ ಬಂದವರು ಮುಳುಗುತ್ತ ಬಂದವರಲ್ಲ, ನೆಲ ಬೇಕೆಂದು ಬಂದವರು. ಅವರಿಗೆ ಭರ್ಚಿ ತೋರಿಸಿದವರದು ತಪ್ಪು ತಿಳಿವಳಿಕೆಯೂ ಅಲ್ಲ. ನನ್ನನ್ನು ಕಾಡುವುದು ಅದಕ್ಕಿಂತ ಸಣ್ಣ ಸಂಗತಿ. ಎರಡು ತುದಿಯ ಕೋಲಿನಲ್ಲಿ ಚೂಪಾದದ್ದನ್ನು ಯಾರಾದರೂ ಹಿಡಿಯಲೇಬೇಕು, ದಡದವನು ಹಿಡಿದ. ಬರೆದ ನಾನು ಮೈಕು ಹಿಡಿದಿದ್ದೆ.

ಮೊನ್ನೆ ಬಸವರಾಜ ಮನೆಗೆ ಬಂದ. ಮೊದಲಾದರೆ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಿದ್ದ ಪ್ರಾಣಿ, ಈಗ ಹೊಸ್ತಿಲಾಚೆ ನಿಂತು, "ಅಕ್ಕಾ, ಒಳಗ ಬರ್ಲೇನು?" ಎಂದು ಕೂಗಿದ. "ಯಾಕೋ, ಜ್ವರ ಬಂದಾವೇನು?" ಎಂದು ಅವಳು ಒಳಗಿನಿಂದಲೇ ಗದರಿಸಿದಳು. ನಾನು ತಂಬಿಗೆಯಲ್ಲಿ ನೀರು ತುಂಬಿಕೊಂಡು ಅವಸರದಿಂದ ಹೋಗಿ ಅವನ ಕೈಗಿತ್ತೆ. ಕೊಟ್ಟ ಮೇಲೆ ಕೆಳಗೆ ನೋಡಿಕೊಂಡೆ. ಎರಡೂ ಪಾದಗಳು ಅಲೆಗಳ ಮೇಲಿದ್ದವು. ಕಲ್ಲು ತಣ್ಣಗಿತ್ತು.