ಬಲಗಡೆಯ ಬಳ್ಳಿ

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆದವನು ನಾನು. ನಮ್ಮಲ್ಲೊಂದು ರೂಢಿ. ಎರಡು ಬದಿಯೂ ಒಂದೇ ಥರ ಇದ್ದರೆ ಎಡಗಡೆಯ ಅರ್ಧ ಮಾತ್ರ ಬರೆದು, ನಡುವೆ ಗೆರೆ ಎಳೆದು, ಪಕ್ಕದಲ್ಲಿ ‘ಬಲಕ್ಕೂ ಹೀಗೇ’ ಎಂದು ಗೀಚಿ ಕೈ ತೊಳೆದುಕೊಳ್ಳುವುದು. ನಿವೃತ್ತನಾಗಿ ಚಾಮರಾಜಪೇಟೆಯ ಮನೆಯಲ್ಲಿ ಕೂತ ಮೇಲೂ ಆ ಚಾಳಿ ಬಿಡಲಿಲ್ಲ.

ಮಾಮೂಲ್‌ಪೇಟೆಯ ಗಲ್ಲಿಯೊಂದರ ಹಳೇ ಮಸೀದಿಯ ಗೋಡೆ ಬಾಯಿಬಿಟ್ಟಿತ್ತು. ಕೆಡವಿ, ಇದ್ದ ಹಾಗೆಯೇ ಮತ್ತೆ ಕಟ್ಟುವುದೆಂದು ಕಮಿಟಿಯವರು ತೀರ್ಮಾನಿಸಿದರು. ಪ್ರತಿ ಭಾಗದ ಹೆಸರೂ ಇರುವ ನಕ್ಷೆ ಬೇಕೆಂದು ನನ್ನನ್ನು ಕರೆದರು. ಹೆಸರು ಹೇಳಿಕೊಡಲು ಬಂದವರು, ಹಿಂದೆ ಅಲ್ಲಿ ಗಾರೆ ಕೆಲಸ ಮಾಡಿದ್ದ ವಯಸ್ಸಾದ ಮೇಸ್ತ್ರಿ.

ನನಗೋ ಹೆಸರುಗಳ ಹುಚ್ಚು. ನಮಾಜಿನ ದಿಕ್ಕು ತೋರುವ ಗೋಡೆಗೂಡು ಮಿಹ್ರಾಬ್. ಪ್ರವಚನಕ್ಕೆ ಹತ್ತುವ ಮೆಟ್ಟಿಲು ಮಿಂಬರ್. ಮೇಲಿನ ಅಂಚಿನ ಹಲ್ಲುಸಾಲು ಕಂಗೂರ, ಮೂಲೆಯ ಪುಟ್ಟ ಗೋಪುರ ಗುಲ್ದಸ್ತ. ಒಂದೊಂದನ್ನೂ ಎರಡೆರಡು ಸಲ ಹೇಳಿಸಿ ಬರೆದುಕೊಂಡೆ.

ಮಿಹ್ರಾಬಿನ ಎರಡೂ ಬದಿಗೆ ಗಾರೆಯ ಬಳ್ಳಿ ಹಬ್ಬಿತ್ತು. ಬಲಗಡೆಯದು ಮುಕ್ಕಾಲು ಪಾಲು ಕಬ್ಬಿಣದ ಬೀರುವಿನ ಹಿಂದಿತ್ತು.

“ಎಡಗಡೇದು ನಂದು ಸಾರ್, ಬಲಗಡೇದು ನನ್ ತಮ್ಮಂದು,” ಎಂದರು ಮೇಸ್ತ್ರಿ. “ಅವ್ನು ಎಲೇನ ಕರಣೇಲಿ ಮಾಡ್ತಿರ್ಲಿಲ್ಲ, ಹೆಬ್ಬೆರಳಲ್ಲೇ ಒತ್ತೋನು. ಇದು ಮುಗ್ಸಿದ ವರ್ಷಾನೇ ಬೇರೆ ಕಡೆ ಸಾರ್ವೆಯಿಂದ ಬಿದ್ದು ತೀರ್ಕೊಂಡ್ಬಿಟ್ಟ. ಅವನ್ದು ಅಂತ ಉಳ್ದಿರೋದು ಇದೊಂದೇ. ಬೀರು ಸರಿಸ್ಲಾ?”

“ಬೇಡ ಬಿಡಿ ಮೇಸ್ತ್ರಿ, ಗೊತ್ತಾಯ್ತು,” ಎಂದೆ. ಗೊತ್ತಾಗಿದ್ದು ಮಣ್ಣು! ಆಗ ನನ್ನ ತಲೆಯಲ್ಲಿದ್ದದ್ದು ಮುಂದಿನ ಹೆಸರು, ಮತ್ತು ಮಧ್ಯಾಹ್ನದ ಊಟ.

ಹೊಸ ಮಸೀದಿ ಎದ್ದಿತು. ನನ್ನ ನಕ್ಷೆ ನೋಡಿ ಅಚ್ಚು ಮಾಡಿಸಿ, ಸಿಮೆಂಟಿನಲ್ಲಿ ಬಳ್ಳಿ ಎರಕ ಹೊಯ್ದು ಎರಡೂ ಬದಿಗೆ ಕೂರಿಸಿದ್ದರು. ಮೊದಲ ದಿನ ನನ್ನನ್ನೂ ಕರೆದಿದ್ದರು. ಮೇಸ್ತ್ರಿ ಬಲಗಡೆಯ ಎಲೆಗಳ ಮೇಲೆ ಒಂದೊಂದಾಗಿ ಹೆಬ್ಬೆರಳಿಟ್ಟು ನೋಡುತ್ತಿದ್ದರು. ಎಲ್ಲಿಯೂ ಬೆರಳು ಕೂರಲಿಲ್ಲ.

“ಎರಡೂ ನಂದೇ ಇದೆಯಲ್ಲ ಸಾರ್. ತಮ್ಮಂದು ನಿಮ್ ಹಾಳೇಲಿ ಇರ್ಬೇಕಲ್ವಾ?”

ನಕ್ಷೆಯ ಪ್ರತಿ ನನ್ನ ಚೀಲದಲ್ಲೇ ಇತ್ತು. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ಮಡಿಕೆ ಬಿಚ್ಚಿ ಕೊಟ್ಟೆ. ಅರ್ಧ ಹಾಳೆಯ ತುಂಬ ಗೆರೆಗಳು, ಹೆಸರುಗಳು. ಉಳಿದರ್ಧ ಖಾಲಿ, ಅದರಲ್ಲಿ ನನ್ನ ಎರಡು ಪದ. ಅವರು ಪೂರ್ತಿ ಓದಿದರು. ನಾಚಿಕೆಯಿಂದ ನಾನು ಹಿಡಿಯಷ್ಟಾಗಿದ್ದೆ.

“ಹೆಸ್ರೆಲ್ಲಾ ಸರಿಯಾಗಿ ಬರ್ದಿದೀರ ಸಾರ್,” ಎಂದು ಹಾಳೆ ಮಡಿಸಿ ನನ್ನ ಕೈಗೇ ಕೊಟ್ಟರು.